ಬೇಸ್ ಗಿಟಾರ್ ಕಲೀತಿದ್ದೇನೆ, ಶಿರಸಿಯಲ್ಲಿ ಬ್ಯಾಂಡ್ ಇಲ್ಲ. ಯಾರ ಜೊತೆ ನುಡಿಸೋದು?

ಶಿರಸಿ_ಮಂದ್ರ

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ಹುಲೇಕಲ್ ರಸ್ತೆ ಕಡೆ ನಮ್ಮನೆ. ಹೈಸ್ಕೂಲಲ್ಲಿ ಗಣಿತ ಕಲಿಸ್ತೇನೆ. ದೀಪಾವಳಿ ಕಳೆದ ಮೇಲೆ ಒಂದು ಬೇಸ್ ಗಿಟಾರ್ ತಗೊಂಡೆ, ಯಮಾಹಾದ ನಾಲ್ಕು ತಂತಿಯದ್ದು. ಚಿಕ್ಕವಳಿದ್ದಾಗಿಂದ ಹಾಡು ಕೇಳುವಾಗ ನನ್ನ ಕಿವಿ ಹೋಗೋದು ಕೆಳಗಿನ ದನಿಗೇ. ಇಳಯರಾಜ ಎಂಬತ್ತರ ದಶಕದಲ್ಲಿ ಕನ್ನಡಕ್ಕೆ ಮಾಡಿಕೊಟ್ಟ ಹಾಡುಗಳಲ್ಲಿ ಮೇಲೆ ಗಾಯಕರು ಒಂದು ಹಾಡು ಹಾಡ್ತಾ ಇದ್ರೆ ಕೆಳಗೆ ಬೇಸ್ ತನ್ನದೇ ಇನ್ನೊಂದು ಹಾಡು ಹಾಡ್ತಿರ್ತದೆ. ಅದನ್ನ ನನ್ನ ಬೆರಳಿಂದ ಹೊರಡಿಸಬೇಕು ಅನ್ನೋದೇ ಆಸೆ.

ವಿಡಿಯೋ ನೋಡ್ಕೊಂಡು ಕಲೀತಿದ್ದೇನೆ. ಸ್ವರಗಳು ಎಲ್ಲೆಲ್ಲಿವೆ ಅಂತ ಗೊತ್ತಾಗಿದೆ. ಆದ್ರೆ ಮೊದಲ ನಾಲ್ಕು ಫ್ರೆಟ್‌ಗಳ (ಕುತ್ತಿಗೆ ಮೇಲಿನ ಲೋಹದ ಪಟ್ಟಿಗಳ) ಮೇಲೆ ನಾಲ್ಕು ಬೆರಳು ಹರಡಿದ್ರೆ ಕೈ ನೋಯ್ತದೆ. ಮನೆಯಲ್ಲಿ ಕೆಲವು ಸ್ವರ ಮಾತ್ರ ಗುಂಯ್ ಅಂತ ಇಡೀ ಕೋಣೆ ತುಂಬ್ತವೆ, ಉಳಿದವು ಸಪ್ಪೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ವಿಡಿಯೋದವರೆಲ್ಲ "ಬೇಗ ಒಂದು ಬ್ಯಾಂಡ್ ಸೇರಿ" ಅಂತಾರೆ. ಇಲ್ಲಿ ತಬಲಾದವರು ಇದ್ದಾರೆ, ಹಾರ್ಮೋನಿಯಂನವರು ಇದ್ದಾರೆ, ಚಂಡೆ-ಮದ್ದಲೆಯವರಂತೂ ಊರಿಗೊಬ್ಬರು. ಡ್ರಮ್ಸ್ ಬಾರಿಸೋವ್ರು ನನಗೆ ಸಿಕ್ಕಿಲ್ಲ. ಒಬ್ಬಳೇ ಕೂತು ಎಷ್ಟು ದೂರ ಹೋಗ್ಬಹುದು?

ಕಾಳಿದಂಡೆ

ಅಕ್ಕ, ಕಾರವಾರದಿಂದ. ಮದುವೆ ರಿಸೆಪ್ಶನ್ನು, ಗಣೇಶ ಚೌತಿಯ ಆರ್ಕೆಸ್ಟ್ರಾ, ಇಗರ್ಜಿಯ ಹಾಡು, ಎಲ್ಲ ಕಡೆ ಬೇಸ್ ನುಡಿಸಿದವ ನಾನು. ಹೊಟ್ಟೆಪಾಡಿಗೆ ಬೇರೆ ಕೆಲಸ, ಇದು ಪ್ರೀತಿಗೆ.

ಕೈ ನೋವಿನ ವಿಷಯ ಮೊದಲು. ನಿಮ್ಮ ಬೇಸ್‌ನ ತಂತಿಯ ಉದ್ದ 34 ಇಂಚು, ಅಂದ್ರೆ 864 ಮಿಲಿಮೀಟರ್. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾಡಿದಾಗಿನಿಂದ ಬಂದ ಅಳತೆ ಇದು. ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಸುಮಾರು 13 ಸೆಂಟಿಮೀಟರ್ ಆಗ್ತದೆ. ಅದೇ ಐದರಿಂದ ಎಂಟಕ್ಕೆ 10 ಸೆಂಟಿಮೀಟರ್ ಮಾತ್ರ. ಗಣಿತದವರು, ಲೆಕ್ಕ ಹಾಕಿ ನೋಡಿ. ಮಾಮೂಲಿ ಗಿಟಾರಿನ ಮೊದಲ ನಾಲ್ಕು ಫ್ರೆಟ್ ಎಷ್ಟು ಅಗಲವೋ ಬೇಸ್‌ನಲ್ಲಿ ಐದರ ನಂತರ ಅಷ್ಟೇ ಅಗಲ. ಆದ್ದರಿಂದ ಬೆರಳಿಗೊಂದು ಫ್ರೆಟ್ ಅನ್ನೋ ಪದ್ಧತಿಯನ್ನ ಐದರಿಂದ ಮೇಲೆ ಇಟ್ಕೊಳ್ಳಿ. ಕೆಳಗಿನ ಫ್ರೆಟ್‌ಗಳಲ್ಲಿ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನವರ ಹಳೇ ಪದ್ಧತಿ ಹಿಡೀರಿ. ಫ್ರಾನ್ಸ್ ಸಿಮಾಂಡ್ಲ್ ಹೆಸರಿನಿಂದ ಪ್ರಸಿದ್ಧವಾದದ್ದು ಅದು. ತೋರುಬೆರಳು ಒಂದು ಫ್ರೆಟ್‌ಗೆ, ನಡುಬೆರಳು ಅದರ ಮುಂದಿನದಕ್ಕೆ, ಉಂಗುರಬೆರಳು-ಕಿರುಬೆರಳು ಎರಡೂ ಜೋಡಿಯಾಗಿ ಅದರ ಮುಂದಿನದಕ್ಕೆ. ಮೂರೇ ಫ್ರೆಟ್ ಒಂದು ಹಿಡಿತದಲ್ಲಿ, ನಾಲ್ಕನೆಯದು ಬೇಕಾದ್ರೆ ಕೈಯೇ ಜರುಗಲಿ. ನೋವು ಬಂದ್ರೆ ಅಲ್ಲಿಗೇ ನಿಲ್ಲಿಸಬೇಕು. ನೋವು ತಡ್ಕೊಂಡು ಸಾಧನೆ ಮಾಡೋದು ಈ ವಾದ್ಯಕ್ಕೆ ಬೇಡವೇ ಬೇಡ.

ಬಲಗೈ: ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಬದಲಿಸ್ತಾ ಮೀಟಬೇಕು ಅಂತ ಎಲ್ಲರೂ ಹೇಳ್ತಾರೆ, ಅದು ಸರಿ. ಹಾಗಂತ ಅದೊಂದೇ ದಾರಿ ಅಲ್ಲ. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಅಷ್ಟೊಂದು ಹಾಡಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಲ್ಲಿ ನುಡಿಸಿದವರು.

ಡಗ್ಗಾ_ಭಟ್ಟ

ಮೇಡಂ, ನೀವು ಇರುವ ಊರಲ್ಲೇ ನಾನೂ ಇದ್ದೇನೆ ಅಂತಾಯ್ತು. ಬ್ಯಾಂಡ್ ಎಂತಕ್ಕೆ ಹುಡುಕ್ತೀರಿ? ನಮ್ಮ ಭಜನಾ ಮಂಡಳಿಗೆ ಬನ್ನಿ. ಪ್ರತಿ ಗುರುವಾರ ಸಂಜೆ ಸೇರ್ತೇವೆ. ಇಬ್ಬರು ಹಾಡ್ತಾರೆ, ಒಬ್ಬರು ಹಾರ್ಮೋನಿಯಂ, ನಾನು ತಬಲಾ. ಕೆಳಗಿನ ದನಿ ನನ್ನ ಡಗ್ಗಾ (ತಬಲಾ ಜೋಡಿಯಲ್ಲಿ ಎಡಗೈಯ ದೊಡ್ಡದು) ಒಂದೇ.

ಬೇಸ್‌ಗೆ ಡ್ರಮ್ಮೇ ಬೇಕು ಅಂತ ಎಂತದೂ ಇಲ್ಲ, ಅದಕ್ಕೆ ಬೇಕಾದ್ದು ತಾಳ ಹಿಡಿಯುವ ಒಂದು ಮಂದ್ರ ಪೆಟ್ಟು. ಕೆಹರವಾ ತಗೊಳ್ಳಿ, ಎಂಟು ಮಾತ್ರೆ: ಧಾ ಗೆ ನಾ ತಿ, ನಾ ಕ ಧಿ ನಾ. ಡಗ್ಗಾ ತೆರೆದು ನುಡಿಯೋದು ಒಂದು, ಎರಡು, ಏಳನೇ ಮಾತ್ರೆಯಲ್ಲಿ. ಐದನೆಯದು ಖಾಲಿ, ಅಲ್ಲಿ ಕೆಳಗಿನ ದನಿ ಇರೋದಿಲ್ಲ. ನೀವು ಒಂದನೇ ಮಾತ್ರೆಗೆ ಷಡ್ಜ ಇಟ್ಟು, ಐದಕ್ಕೆ ತಂತಿಯನ್ನ ಅಂಗೈಯಿಂದ ನಿಲ್ಲಿಸಿ, ಏಳಕ್ಕೆ ಪಂಚಮ ಮುಟ್ಟಿ ಮತ್ತೆ ಒಂದಕ್ಕೆ ಬನ್ನಿ. ಇಷ್ಟೇ. ಇದನ್ನ ನಿಧಾನ ಲಯದಲ್ಲಿ ಹತ್ತು ನಿಮಿಷ ಅಲುಗಾಡದೆ ನುಡಿಸಿದ್ರೆ ಹಾಡುವವರ ಮುಖದಲ್ಲೇ ಕಾಣ್ತದೆ.

ಆ ಐದನೇ ಮಾತ್ರೆಯಲ್ಲಿ ತಂತಿ ನಿಲ್ಲಿಸೋದು ಎಲ್ಲಕ್ಕಿಂತ ದೊಡ್ಡ ಕೆಲಸ. ಅಲ್ಲೂ ಗುಂಯ್‌ಗುಡ್ತಾ ಇದ್ರೆ ಖಾಲಿಯ ಅರ್ಥವೇ ಹೋಯ್ತು, ತಾಳ ಚಪ್ಪಟೆ ಆಯ್ತು.

ಬೈತಖೋಲ್_ಬೆಂಗಳೂರು

ಭಟ್ರೆ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ನಾನು ಪೂರ್ತಿ ಒಪ್ಪೋದಿಲ್ಲ. ಕಾರವಾರದಲ್ಲಿ ಹುಟ್ಟಿ ಬೆಳೆದು ಈಗ ಬೆಂಗಳೂರಲ್ಲಿ ಇರೋವ್ನು. ಇಲ್ಲಿ ವಾರಾಂತ್ಯಕ್ಕೆ ಗೆಳೆಯರ ಜೊತೆ ನುಡಿಸ್ತೇನೆ. ಸ-ಪ, ಸ-ಪ ಅಂತ ಭಜನೆಗೆ ನುಡಿಸ್ತಾ ಕೂತ್ರೆ ಬೇಸ್‌ನ ಅರ್ಧವೂ ಕಲಿತ ಹಾಗಾಗೋದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೇಳ, ಅಂದ್ರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು (ಕಾರ್ಡ್), ತಾಳದ ಅಳತೆ ಅಳತೆಗೂ ಬದಲಾಗ್ತದೆ, ಒಂದು ಕಾರ್ಡ್‌ನಿಂದ ಮುಂದಿನ ಕಾರ್ಡ್‌ಗೆ ಕೇಳುಗರನ್ನ ಕರ್ಕೊಂಡು ಹೋಗೋದೇ ಬೇಸ್. ಆ ನಡಿಗೆ ಕಲೀಬೇಕು ಅಂದ್ರೆ ಮೇಜರ್, ಮೈನರ್, ಏಳನೇ ಸ್ವರದ ಕಾರ್ಡ್‌ಗಳ ಆಕಾರ ಬೆರಳಿಗೆ ಕೂರಬೇಕು.

ಅಕ್ಕ, ಮೊಬೈಲಲ್ಲಿ ಮೆಟ್ರೋನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನೋದು) ಇಟ್ಕೊಳ್ಳಿ. ಎಲ್ಲ ಪೆಟ್ಟಿಗೂ ಟಿಕ್ ಅನ್ನೋ ಹಾಗೆ ಇಡಬೇಡಿ. ವೇಗ ಅರ್ಧಕ್ಕೆ ಇಳಿಸಿ, ಆ ಟಿಕ್ಕನ್ನ ಎರಡನೇ ಮತ್ತು ನಾಲ್ಕನೇ ಪೆಟ್ಟು ಅಂತ ಎಣಿಸಿ. ಒಂದು ಮತ್ತು ಮೂರನ್ನ ನೀವೇ ಹೊರಬೇಕು. ಆಗ ಲಯ ಮೊಬೈಲಿಂದ ನಿಮ್ಮ ಮೈಗೆ ಬರ್ತದೆ. ನುಡಿಸಿದ್ದನ್ನ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ, ಆ ದಿನವೇ ಬೇಡ.

ಶಿರಸಿ_ಮಂದ್ರ

ಕಾಳಿದಂಡೆ ಅಣ್ಣ, ಲೆಕ್ಕ ಹಾಕಿದೆ, ನೀವು ಹೇಳಿದ್ದು ಸರಿಯಾಗೇ ಬಂತು. ಪ್ರತಿ ಫ್ರೆಟ್‌ಗೂ ಉಳಿದ ಉದ್ದ ಎರಡರ ಹನ್ನೆರಡನೇ ಮೂಲದಿಂದ ಭಾಗಿಸಲ್ಪಡ್ತಾ ಹೋಗ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಗುಣೋತ್ತರ ಶ್ರೇಢಿ ತೋರಿಸೋಕೆ ಇದಕ್ಕಿಂತ ಚಂದದ ಉದಾಹರಣೆ ಇಲ್ಲ. ಮೂರು ಫ್ರೆಟ್‌ನ ಹಿಡಿತ ಹಿಡಿದೆ, ಮಣಿಕಟ್ಟು ಹಗುರ ಆಯ್ತು.

ಭಟ್ರೆ, ಗುರುವಾರಕ್ಕೆ ಬರ್ತೇನೆ. ಬೈತಖೋಲ್ ಅವರೆ, ಮೆಟ್ರೋನೋಮ್ ವಿಷಯ ಮನಸ್ಸಿಗೆ ಬಂತು. ಆದ್ರೆ ನನಗೆ ಅನ್ನಿಸೋದು, ಟಿಕ್ ಟಿಕ್‌ಗಿಂತ ಎದುರು ಕೂತ ಮನುಷ್ಯನ ಕೈ ನೋಡ್ತಾ ನುಡಿಸೋದರಲ್ಲಿ ಸಿಗುವ ಖುಷಿ ಬೇರೆ. ಎರಡೂ ಮಾಡ್ತೇನೆ. ಕೋಣೆಯ ಗುಂಯ್‌ಗೆ ಯಾರಾದ್ರೂ ಉತ್ತರ ಹೇಳಿ. ಇ ತಂತಿಯ ಎರಡನೇ ಫ್ರೆಟ್, ಆಮೇಲೆ ಬಿಟ್ಟ ಎ ತಂತಿ, ಈ ಎರಡು ವಿಪರೀತ.

ಕುಮಟಾ_ಸೋಲ್ಡರ್

ಮೇಡಂ, ಇದು ನನ್ನ ವಿಷಯ. ಕುಮಟಾದಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡ್ತೇನೆ, ಗಿಟಾರ್ ಸೆಟಪ್ ಕೂಡ. ಸ್ವಲ್ಪ ಉದ್ದ ಬರೀತೇನೆ.

ನಿಮ್ಮ ದಪ್ಪ ಇ ತಂತಿ ಸೆಕೆಂಡಿಗೆ 41 ಸಲ ಅದುರ್ತದೆ, ಅಂದ್ರೆ 41 ಹರ್ಟ್ಜ್. ಎ 55, ಡಿ 73, ಜಿ 98. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡ್ತದೆ. ಭಾಗಿಸಿದ್ರೆ ಇ ತಂತಿಯ ಒಂದು ಅಲೆ ಎಂಟು ಮೀಟರ್‌ಗಿಂತ ಉದ್ದ. ಅಷ್ಟು ಉದ್ದದ ಕೋಣೆ ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ಎರಡು ಎದುರುಬದುರು ಗೋಡೆಗಳ ನಡುವಿನ ಅಂತರ ಅಲೆಯ ಸರಿಯಾಗಿ ಅರ್ಧ ಆದಾಗ ಆ ಸ್ವರ ಗೋಡೆಯಿಂದ ಗೋಡೆಗೆ ಪುಟಿದು ತನ್ನ ಮೇಲೆ ತಾನೇ ಕೂಡಿಕೊಳ್ತದೆ. ಅದೇ ನಿಮ್ಮ ಗುಂಯ್. ಎರಡನೇ ಫ್ರೆಟ್ ಅಂದ್ರೆ 46 ಹರ್ಟ್ಜ್, ಎ ಅಂದ್ರೆ 55. ನನ್ನ ಊಹೆ: ನಿಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಟೇಪ್ ಹಿಡಿದು ನೋಡಿ.

ಪರಿಹಾರ: ಆಂಪ್ ಮೂಲೆಯಲ್ಲಿದ್ರೆ ತೆಗೀರಿ. ಗೋಡೆಯಿಂದ ದೂರ ತನ್ನಿ, ನೆಲದಿಂದ ಎತ್ತಿ ಸ್ಟೂಲ್ ಮೇಲಿಡಿ. ನೀವೂ ಕೋಣೆಯ ನಟ್ಟನಡುವೆಯಾಗಲಿ, ಗೋಡೆಗೆ ಬೆನ್ನು ಹಚ್ಚಿಯಾಗಲಿ ಕೂರಬೇಡಿ, ಆ ಎರಡರ ಮಧ್ಯೆ ಎಲ್ಲೋ ಒಂದು ಕಡೆ ಕೂತು ನೋಡಿ. ಬಾಗಿಲು ತೆಗೆದಿಡಿ. ಹಾಸಿಗೆ, ಪರದೆ ಹಾಕಿದ್ರೆ ಮೇಲಿನ ದನಿ ಕಡಿಮೆ ಆಗ್ತದೆ, ಇಷ್ಟು ಕೆಳಗಿನದು ಜಗ್ಗೋದಿಲ್ಲ. ಹಂಚಿನ ಮಾಡಿನ ಹಳೇ ಮನೆಯ ಜಗುಲಿ ಇದ್ರೆ ಅಲ್ಲೇ ನುಡಿಸಿ. ಕೆಳದನಿ ಹಂಚಿನ ಸಂದಿಯಿಂದ ಹೊರಗೆ ಹೋಗ್ತದೆ, ಆರ್‌ಸಿಸಿ ಛಾವಣಿಯ ಹಾಗೆ ವಾಪಸ್ ಬರೋದಿಲ್ಲ.

ಇನ್ನೊಂದು. ಮೊಬೈಲಲ್ಲಿ ಪಾಠ ಕೇಳೋರು ಬೇಸ್ ಕೇಳೋದಿಲ್ಲ ಅಂತ ದೂರ್ತಾರೆ. ಮೊಬೈಲಿನ ಸಣ್ಣ ಸ್ಪೀಕರಿಂದ 41 ಹರ್ಟ್ಜ್ ಹೊರಡೋದೇ ಇಲ್ಲ. ಆದ್ರೂ ಸ್ವರ ಯಾವುದು ಅಂತ ಕಿವಿಗೆ ಗೊತ್ತಾಗೋದು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಅದುರುವ ಉಪಸ್ವರಗಳಿಂದ. ಮಿದುಳು ಇಲ್ಲದ ಮೂಲಸ್ವರವನ್ನ ತಾನೇ ಸೇರಿಸ್ಕೊಳ್ತದೆ. ಆದ್ರೆ ಎರಡು ಸ್ವರದ ನಡುವಿನ ಮೌನ, ತಂತಿ ನಿಲ್ಲಿಸಿದ ಕ್ಷಣ, ಇವು ಸರಿಯಾಗಿ ತಿಳಿಯಬೇಕು ಅಂದ್ರೆ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬೇಕು. ದುಡ್ಡು ಖರ್ಚು ಮಾಡೋದಾದ್ರೆ ಆಂಪ್‌ಗಿಂತ ಮೊದಲು ಅದಕ್ಕೆ ಮಾಡಿ.

ಶಿರಸಿ_ಮಂದ್ರ

12 ಅಡಿ 1 ಇಂಚು, 10 ಅಡಿ. ಸರ್, ಈ ಪಾಠವನ್ನ ಭೌತವಿಜ್ಞಾನದ ಸಹೋದ್ಯೋಗಿಗೆ ತೋರಿಸಿದೆ, ಅವರು ಕೂಡ ಖುಷಿಪಟ್ರು. ಆಂಪ್ ಮೂಲೆಯಿಂದ ಆಚೆ ಬಂತು. ಎರಡನೇ ಫ್ರೆಟ್ ಈಗ ಉಳಿದ ಸ್ವರಗಳ ಜೊತೆ ಹೊಂದಿಕೊಂಡು ಇರ್ತದೆ.

ಹೊನ್ನಾವರ_ಪ್ಯಾಸೆಂಜರ್

ನಾನು ಡಿಗ್ರಿ ಓದ್ತಿದ್ದೇನೆ. ಬಜೆಟ್ ಕಡಿಮೆ. ನಾಲ್ಕು ತಂತಿ ತಗೊಳ್ಳೋದಾ ಐದಾ? ಗೋವಾಕ್ಕೆ ಹೋಗಿ ತರೋದಾ, ಆನ್‌ಲೈನಾ?

ಕಾಳಿದಂಡೆ

ತಮ್ಮಾ, ನಾಲ್ಕು. ಐದನೇ ತಂತಿ ಬೇಕು ಅಂತ ನಿನ್ನ ಹಾಡುಗಳು ಕೇಳಿದಾಗ ತಗೊಂಡ್ರಾಯ್ತು. ಕೈ ಸಣ್ಣದಾದ್ರೆ 30 ಇಂಚಿನ ಶಾರ್ಟ್ ಸ್ಕೇಲ್ ನೋಡು. ಬೀಟಲ್ಸ್ ತಂಡದ ಪಾಲ್ ಮ್ಯಾಕ್‌ಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಬೇಸ್ ಕೂಡ ಆ ಅಳತೆಯ ಹತ್ತಿರದ್ದೇ. ಕಾರವಾರದಿಂದ ಮಡಗಾಂವ್ ಸುಮಾರು 70 ಕಿಲೋಮೀಟರ್, ನಿನಗೆ ರೈಲಿದೆ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು, ಪ್ರತಿ ಫ್ರೆಟ್ಟೂ ಒತ್ತಿ ನೋಡಿ ತಗೊ. ಹಳೇದಾದ್ರೂ ಅಡ್ಡಿಲ್ಲ, ಕುತ್ತಿಗೆ ನೇರ ಇದ್ರೆ ಆಯ್ತು.

ಅಂಕೋಲಾ_ಗುಮಟೆ

ಈ ಚರ್ಚೆ ಓದ್ತಾ ಓದ್ತಾ ಒಂದು ವಿಷಯ ಹೇಳಲೇಬೇಕು ಅನ್ನಿಸ್ತು. ಬೇಸ್ ಅಂದ ಕೂಡಲೇ ಎಲ್ಲರೂ ಡೆಟ್ರಾಯ್ಟು, ಮಡಗಾಂವು ಅಂತ ನೋಡ್ತೀರಿ. ನಮ್ಮ ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗು ಕೇಳಿದ್ದೀರಾ? ಗುಮಟೆ ಅಂದ್ರೆ ಎರಡು ಬಾಯಿಯ ಮಣ್ಣಿನ ಮಡಕೆ. ಒಂದು ಬಾಯಿಗೆ ಚರ್ಮ ಬಿಗಿದಿರ್ತದೆ, ಇನ್ನೊಂದು ಸಣ್ಣ ಬಾಯಿ ತೆರೆದೇ ಇರ್ತದೆ. ಬಲಗೈ ಚರ್ಮಕ್ಕೆ ಬಡೀತಾ ಇದ್ರೆ ಎಡಗೈ ಆ ತೆರೆದ ಬಾಯಿಯನ್ನ ಮುಚ್ಚಿ ತೆಗೆದು ಮಾಡ್ತದೆ. ಮುಚ್ಚಿದಾಗ ದನಿ ತಗ್ಗಿ ಒಳಗೆ ಹೋಗ್ತದೆ, ತೆಗೆದಾಗ ಏರಿ ಬರ್ತದೆ. ಹಿಂದೆ ಉಡದ ಚರ್ಮ ಹಾಕ್ತಿದ್ರು. ಉಡ ಈಗ ಸಂರಕ್ಷಿತ ಪ್ರಾಣಿ, ಆಡಿನ ಚರ್ಮ ಬಂದಿದೆ. ಇದೇ ವಾದ್ಯ ಗಡಿ ದಾಟಿದ್ರೆ ಘುಮಟ್ ಆಗ್ತದೆ, 2019ರಲ್ಲಿ ಗೋವಾ ಸರ್ಕಾರ ಅದನ್ನ ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿತು.

ನಾನು ಬೇಸ್ ತಗೊಂಡಿದ್ದೇ ಗುಮಟೆಯ ಆ ಏರಿಳಿತ ತಂತಿಯಲ್ಲಿ ತರಬೇಕು ಅಂತ. ಸುಗ್ಗಿಯ ಸಮಯದಲ್ಲಿ ಹಿರಿಯರ ಹತ್ತಿರ ಕೂತು ಕೇಳ್ತೇನೆ, ಮನೆಗೆ ಬಂದು ಒಂದೇ ತಂತಿಯ ಮೇಲೆ ಬೆರಳು ಜಾರಿಸ್ತಾ ಅದನ್ನ ಹುಡುಕ್ತೇನೆ. ಎ ತಂತಿಯ ಮೇಲೆ ಐದರಿಂದ ಏಳಕ್ಕೆ ಜಾರಿ, ಕೂಡಲೇ ಎಡಗೈ ಸಡಿಲ ಮಾಡಿ ದನಿ ಕೊಂದರೆ ಗುಮಟೆ ಮುಚ್ಚಿದ ಪೆಟ್ಟಿಗೆ ಹತ್ತಿರ ಬರ್ತದೆ. ಇದಕ್ಕೆ ಯಾವ ವಿಡಿಯೋ ಪಾಠವೂ ಇಲ್ಲ. ಹಿರಿಯರಿಗೆ ಕೇಳಿಸಿದೆ, "ಹಿಂಗೂ ಬತ್ತದ್ಯಾ" ಅಂದ್ರು, ಇನ್ನೊಮ್ಮೆ ನುಡಿಸು ಅಂದ್ರು.

ಬೈತಖೋಲ್_ಬೆಂಗಳೂರು

ಅಂಕೋಲಾದವರೆ, ರೆಕಾರ್ಡಿಂಗ್ ಇದ್ರೆ ದಯವಿಟ್ಟು ಹಾಕಿ. ಇದಕ್ಕೆ ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ) ಬೇಸ್ ಹೇಳಿ ಮಾಡಿಸಿದ ಹಾಗಿರ್ತದೆ. 1976ರಲ್ಲಿ ಜಾಕೋ ಪಾಸ್ಟೋರಿಯಸ್ ಮೊದಲ ಆಲ್ಬಂ ತಂದಾಗ ಫ್ರೆಟ್‌ಲೆಸ್ ಬೇಸ್ ಹೀಗೂ ಹಾಡ್ತದಾ ಅಂತ ಲೋಕವೇ ತಿರುಗಿ ನೋಡಿತ್ತು. ನಮ್ಮಲ್ಲಿ ಎ.ಆರ್. ರೆಹಮಾನ್ ಹಾಡುಗಳಿಗೆ ಕೀತ್ ಪೀಟರ್ಸ್ ನುಡಿಸಿದ ಬೇಸ್ ಕೇಳಿ, ಮೀಂಡ್‌ಗೆ ಹತ್ತಿರದ ಜಾರುಗಳು ಸಿಗ್ತವೆ.

ಡಗ್ಗಾ_ಭಟ್ಟ

ಗುರುವಾರ ಮೇಡಂ ಬಂದಿದ್ರು. ಎಲ್ಲರಿಗೂ ಸಂತೋಷ ಆಯ್ತು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಅಲ್ಲಿ ನಡೆದ ಮಾತು ಬರೀತೇನೆ.

ಮೊದಲ ತೊಡಕು ಶ್ರುತಿ. ನಮ್ಮ ಗಾಯಕರು ಬಿಳಿ 4, ಕಪ್ಪು 2 ಅಂತ ಹಾರ್ಮೋನಿಯಂ ಪಟ್ಟಿಯಲ್ಲಿ ಹೇಳ್ತಾರೆ, ಬೇಸ್‌ನವರು ಎಫ್, ಡಿ ಶಾರ್ಪ್ ಅಂತ ಹೇಳ್ತಾರೆ. ಮೇಡಂ ಅಲ್ಲೇ ಕೂತು ಹೊಂದಿಸಿ ಬರ್ಕೊಂಡ್ರು. ಬಿಳಿ 1 ಎ ತಂತಿಯ ಮೂರನೇ ಫ್ರೆಟ್, ಕಪ್ಪು 1 ನಾಲ್ಕನೆಯದು, ಕಪ್ಪು 2 ಆರನೆಯದು, ಕಪ್ಪು 5 ಅದೇ ತಂತಿಯ ಒಂದನೇ ಫ್ರೆಟ್. ಬಿಳಿ 4 ಇ ತಂತಿಯ ಒಂದನೇ ಫ್ರೆಟ್, ಕಪ್ಪು 4 ಅದರ ನಾಲ್ಕನೇ ಫ್ರೆಟ್. ಷಡ್ಜ ಸಿಕ್ಕಿದ ಮೇಲೆ ಉಳಿದದ್ದು ಸುಲಭ. ತಂತಿಗಳೆಲ್ಲ ಮಧ್ಯಮದ ಅಂತರದಲ್ಲಿ ಕಟ್ಟಿದವು. ಷಡ್ಜ ಹಿಡಿದ ಫ್ರೆಟ್‌ನಲ್ಲೇ ಪಕ್ಕದ ತೆಳು ತಂತಿ ಒತ್ತಿದ್ರೆ ಮಧ್ಯಮ, ಅಲ್ಲಿಂದ ಎರಡು ಫ್ರೆಟ್ ಮುಂದೆ ಪಂಚಮ. ಅದೇ ಫ್ರೆಟ್‌ನಲ್ಲಿ ಪಕ್ಕದ ದಪ್ಪ ತಂತಿ ಒತ್ತಿದ್ರೆ ಮಂದ್ರ ಪಂಚಮ. ಎರಡು ತಂತಿ ದಾಟಿ ಎರಡು ಫ್ರೆಟ್ ಮುಂದೆ ತಾರ ಷಡ್ಜ. ಹಾಡುವವರು ಶ್ರುತಿ ಬದಲಿಸಿದ್ರೆ ಹಾರ್ಮೋನಿಯಂನವರು ಪಟ್ಟಿ ಬದಲಿಸಿ ತಡಕಾಡ್ಬೇಕು, ಮೇಡಂ ಕೈ ಮಾತ್ರ ಜರುಗಿಸ್ತಾರೆ, ಬೆರಳಿನ ಆಕಾರ ಅದೇ.

ಎರಡನೇ ವಿಷಯ ರಾಗದ್ದು. ಬೈತಖೋಲ್‌ನವರು ಸ-ಪ, ಸ-ಪ ಸಾಲದು ಅಂದಿದ್ರು, ಆ ಮಾತು ಇಲ್ಲಿ ನಿಜವಾಯ್ತು. ಒಂದು ಪದ ಮಾಲಕಂಸದಲ್ಲಿತ್ತು. ಮಾಲಕಂಸದಲ್ಲಿ ಪಂಚಮವೇ ಇಲ್ಲ, ರಿಷಭವೂ ಇಲ್ಲ. ತಂಬೂರಿಯನ್ನೇ ಮಧ್ಯಮಕ್ಕೆ ಶ್ರುತಿ ಮಾಡ್ಕೊಳ್ತಾರೆ. ಅಲ್ಲಿ ಬೇಸ್ ಪಂಚಮ ಹಿಡಿದ್ರೆ ಇಡೀ ರಾಗ ಕೆಡ್ತದೆ, ಕೆಳಗಿನ ದನಿಯ ಅಧಿಕಾರ ಅಷ್ಟು ದೊಡ್ಡದು. ಹಾಡು ಶುರುವಾಗುವ ಮೊದಲೇ ಮೇಡಂ "ಇದಕ್ಕೆ ಯಾವ ಸ್ವರ ವರ್ಜ್ಯ?" ಅಂತ ಕೇಳಿದ್ರು. ಸ-ಮ ಹಿಡಿದು ನುಡಿಸಿದ್ರು. ಭೂಪದಲ್ಲಿ ಮಧ್ಯಮ ಇಲ್ಲ, ಅಲ್ಲಿ ಪಂಚಮ ಆರಾಮ. ಮಾರ್ವಾದಂಥ ರಾಗಕ್ಕೆ ನನ್ನ ಮಾತು ಕೇಳಿದ್ರೆ ಷಡ್ಜವನ್ನೂ ಕಡಿಮೆಯೇ ಮುಟ್ಟಬೇಕು, ಅದರ ಜೀವ ರಿಷಭ-ಧೈವತದಲ್ಲಿದೆ.

ಮೂರನೆಯದು ನನ್ನದೇ ಅನುಭವ. ನಾನು ಡಗ್ಗಾದ ಮೇಲೆ ಅಂಗೈ ಒತ್ತಿ ಗಮಕ ತೆಗೆಯುವಾಗ ಬೇಸ್ ಸುಮ್ಮನಿದ್ರೆ ಮಾತ್ರ ಅದು ಕೇಳ್ತದೆ. ಇಬ್ಬರ ಜಾಗವೂ ಒಂದೇ. ಅದಕ್ಕೇ ಇಬ್ಬರೂ ಮುಖ ನೋಡ್ಕೊಂಡು ಕೂರೋದು ಅಂತ ತೀರ್ಮಾನ ಮಾಡಿದ್ವಿ.

ಬೈತಖೋಲ್_ಬೆಂಗಳೂರು

ಭಟ್ರೆ, ಇದನ್ನ ಓದಿ ನನ್ನ ಅಭಿಪ್ರಾಯ ಬದಲಾಯ್ತು. ವರ್ಜ್ಯ ಸ್ವರ ಕೇಳ್ಕೊಂಡು ನುಡಿಸೋದು ಅಂದ್ರೆ ಕಾರ್ಡ್ ಕೇಳ್ಕೊಂಡು ನುಡಿಸುವಷ್ಟೇ ಎಚ್ಚರದ ಕೆಲಸ. ಮುಂಬೈಯ ಮೋಹಿನಿ ಡೇ ನುಡಿಸೋದು ಕೇಳಿದ್ರೆ ಕೊನ್ನಕೋಲ್‌ನ (ಬಾಯಲ್ಲಿ ತಾಳದ ಜತಿ ಹೇಳೋದರ) ಲೆಕ್ಕಾಚಾರ ಬೇಸ್ ತಂತಿಯ ಮೇಲೆ ಹೇಗೆ ಕೂರ್ತದೆ ಅಂತ ಗೊತ್ತಾಗ್ತದೆ. ಕಾರ್ಡ್‌ಗಳನ್ನೂ ಬಿಡಬೇಡಿ ಅಕ್ಕ, ಅಷ್ಟೇ ನನ್ನ ಕೋರಿಕೆ.

ಕಾಳಿದಂಡೆ

ಡ್ರಮ್ಮರ್ ಇಲ್ಲದ್ದಕ್ಕೆ ಬೇಸರ ಪಡುವವರಿಗೆ ಒಂದು ಮಾತು. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಹದಿಹರೆಯದಲ್ಲಿ ತನ್ನ ತಾಯಿಯ ಜೊತೆ ನುಡಿಸ್ತಾ ಇದ್ದರು. ಡ್ರಮ್ಮರ್ ಹೋದಾಗ ಆ ಪೆಟ್ಟು ತುಂಬಿಸೋಕೆ ಹೆಬ್ಬೆರಳಿಂದ ತಂತಿಗೆ ಬಡಿದು, ಬೆರಳಿಂದ ಎಳೆದು ಬಿಡೋಕೆ ಶುರು ಮಾಡಿದ್ರು. ಇವತ್ತು ಲೋಕವೆಲ್ಲ ಸ್ಲ್ಯಾಪ್ ಅನ್ನೋದು ಅದನ್ನೇ. ಕ್ಯಾರೊಲ್ ಕೇ ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ನುಡಿಸ್ತಿದ್ದ ಹೆಣ್ಮಗಳು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವ ಬರಲಿಲ್ಲ ಅಂತ ಬೇಸ್ ಕೈಗೆತ್ತಿಕೊಂಡು, ಮುಂದೆ ಅಮೆರಿಕದ ಅದೆಷ್ಟೋ ಪ್ರಸಿದ್ಧ ಹಾಡುಗಳಿಗೆ ಅವರೇ ನುಡಿಸಿದ್ರು, ಅದೂ ಪ್ಲೆಕ್ಟ್ರಮ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು.

ನಮ್ಮ ಕಾರವಾರದ ಕ್ರಿಶ್ಚಿಯನ್ ಮದುವೆಗಳಲ್ಲಿ ವಾಲ್ಟ್ಝ್ ಬಿಡೋ ಹಾಗೇ ಇಲ್ಲ. ಮೂರು ಪೆಟ್ಟಿನ ಅಳತೆ, ಬೇಸ್ ಮೊದಲ ಪೆಟ್ಟಿಗೆ ಮಾತ್ರ: ಒಂದು ಅಳತೆಗೆ ಮೂಲಸ್ವರ, ಮುಂದಿನದಕ್ಕೆ ಪಂಚಮ. ಎಷ್ಟು ಕಡಿಮೆ ಸ್ವರ ನೋಡಿ. ಆದ್ರೆ ಎಪ್ಪತ್ತು ದಾಟಿದ ದಂಪತಿ ಕೈಹಿಡಿದು ಕುಣಿಯುವಾಗ ಅವರ ಹೆಜ್ಜೆ ಬೀಳೋದು ನನ್ನ ಆ ಒಂದೇ ಸ್ವರದ ಮೇಲೆ. ಅದು ನನಗೆ ಯಾವ ಸೋಲೋಕ್ಕಿಂತ ದೊಡ್ಡದು.

ಹೊನ್ನಾವರ_ಪ್ಯಾಸೆಂಜರ್

ಅಣ್ಣಾ, ಮಡಗಾಂವಿಗೆ ಹೋಗಿ ತಂದೆ! ಹಳೇದು, ನಾಲ್ಕು ತಂತಿ. ಮಳೆಗಾಲ ಶುರುವಾಗಿದೆ, ತಂತಿ ಆಗಲೇ ಕಂದು ಬಣ್ಣಕ್ಕೆ ತಿರುಗ್ತಾ ಇದೆ. ಕರೆಂಟೂ ದಿನಾ ಹೋಗ್ತದೆ. ಎಂತ ಮಾಡೋದು?

ಕುಮಟಾ_ಸೋಲ್ಡರ್

ಕರಾವಳಿಯ ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ತೇವ. ಸಾಮಾನ್ಯ ನಿಕ್ಕಲ್ ತಂತಿ ಬೇಗ ಹೋಗ್ತದೆ. ನುಡಿಸಿ ಆದ ಕೂಡಲೇ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸು, ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡು, ಬಣ್ಣ ಬದಲಾದಾಗ ಹುರಿದು ಮತ್ತೆ ಹಾಕು. ಮುಂದಿನ ಸಲ ಕೋಟಿಂಗ್ ಇರೋದು ಇಲ್ಲವೇ ಫ್ಲಾಟ್‌ವೂಂಡ್ ತಗೊ. ಫ್ಲಾಟ್‌ವೂಂಡ್‌ನ ಮೇಲ್ಮೈ ನುಣುಪು, ಬೆವರು-ಕೊಳೆ ಕೂರೋಕೆ ಸಂದಿ ಕಡಿಮೆ. ಜೇಮರ್ಸನ್ ಫ್ಲಾಟ್‌ವೂಂಡ್ ಹಾಕಿ, ತುಂಡಾಗುವ ತನಕ ಬದಲಿಸ್ತಿರಲಿಲ್ಲ ಅಂತಾರೆ. ದನಿ ಮಂದ, ದುಂಡು. ನಿಮ್ಮ ಭಜನೆ, ಗುಮಟೆ ಎಲ್ಲಕ್ಕೂ ಒಪ್ಪುವ ದನಿ.

ಕುತ್ತಿಗೆ: ನಾಲ್ಕೂ ತಂತಿ ಸೇರಿ ಸುಮಾರು 70 ಕೆಜಿ ಎಳೆತ ಇದೆ. ಮರ ತೇವ ಕುಡಿದಾಗ ಬಾಗು ಬದಲಾಗ್ತದೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು ಏಳೆಂಟನೇ ಫ್ರೆಟ್ ಹತ್ತಿರ ನೋಡು. ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಕಾಲು ಮಿಲಿಮೀಟರ್‌ಗಿಂತ ಒಂಚೂರು ಹೆಚ್ಚು ಜಾಗ ಇರಬೇಕು. ಜಾಸ್ತಿ ಇದ್ರೆ ಟ್ರಸ್ ರಾಡ್ (ಕುತ್ತಿಗೆ ಒಳಗಿನ ಲೋಹದ ಸರಳು) ಬಿಗಿ ಮಾಡು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಒಂದು ರಾತ್ರಿ ಬಿಟ್ಟು ಮತ್ತೆ ನೋಡು. ಗಟ್ಟಿ ಕೂತು ತಿರುಗದಿದ್ರೆ ಬಲ ಹಾಕಬೇಡ, ತಿಳಿದವರ ಹತ್ತಿರ ಒಯ್ಯಿ.

ಕರೆಂಟ್ ಹೋದ್ರೆ ಬೇಸ್‌ನ ಮೈಯನ್ನ ಮರದ ಬೀರುವಿನ ಬಾಗಿಲಿಗೆ ಆನಿಸಿ ನುಡಿಸು. ಬಾಗಿಲೇ ಅದುರಿ ದನಿ ದೊಡ್ಡದು ಮಾಡ್ತದೆ. ಇಲ್ಲಾಂದ್ರೆ ದವಡೆಯನ್ನ ಬೇಸ್‌ನ ಮೇಲಿನ ಕೊಂಬಿಗೆ ತಾಗಿಸು, ಎಲುಬಿನ ಮೂಲಕವೇ ಕಿವಿಗೆ ಬರ್ತದೆ. ಮಳೆಯ ಸದ್ದಿನಲ್ಲೂ ಒಂದೊಂದು ಸ್ವರ ಬಿಡಿಸಿ ಕೇಳ್ತದೆ.

ಶಿರಸಿ_ಮಂದ್ರ

ಬೀರುವಿನ ಉಪಾಯ ಮಾಡಿದೆ. ಅಮ್ಮ ಅಡುಗೆಮನೆಯಿಂದ ಎದ್ದು ಬಂದು ಬಾಗಿಲಿಗೆ ಕೈ ಇಟ್ಟು ನಿಂತು ಕೇಳಿದ್ರು.

ಈಗ ಹೊಸ ಸುದ್ದಿ. ಶ್ರಾವಣದಲ್ಲಿ ಮಂಡಳಿಯವರು ದೇವಸ್ಥಾನದ ಸಭಾಭವನದಲ್ಲಿ ಹಾಡೋದು, ನಾನೂ ಕೂರಬೇಕು ಅಂತ ಎಲ್ಲರೂ ಹೇಳ್ತಿದ್ದಾರೆ. ಅಲ್ಲಿ ಜನರೇಟರ್, ಬಾಡಿಗೆ ಮೈಕ್‌ಸೆಟ್. ನಾನು ಎಂತ ಎಂತ ನೋಡ್ಕೋಬೇಕು? ನಾನೂ ಸಣ್ಣಗೆ ಹಾಡ್ತೇನೆ, ಎದುರಿಗೆ ಮೈಕ್ ಇರ್ತದೆ.

ಕುಮಟಾ_ಸೋಲ್ಡರ್

ಮೇಡಂ, ಇದನ್ನ ದಯವಿಟ್ಟು ಗಮನವಿಟ್ಟು ಓದಿ. ಬೇಸ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರ್ತವೆ. ಮೈಕ್‌ನ ಲೋಹದ ಜಾಲರಿ ಮೈಕ್‌ಸೆಟ್‌ನ ಅರ್ಥಿಂಗ್‌ಗೆ. ಇವೆರಡೂ ಬೇರೆ ಬೇರೆ ಪ್ಲಗ್ಗಲ್ಲಿದ್ದು, ಒಂದರ ಅರ್ಥಿಂಗ್ ಸರಿ ಇಲ್ಲ ಅಂದ್ರೆ ಕೈ ತಂತಿ ಮೇಲಿರುವಾಗ ತುಟಿ ಮೈಕಿಗೆ ತಾಗಿದ ಕ್ಷಣ ಕರೆಂಟ್ ನಿಮ್ಮ ಮೈ ಮೂಲಕ ಹಾಯ್ತದೆ. ಮಳೆಗಾಲ, ಒದ್ದೆ ನೆಲ, ಬರಿಗಾಲು. ಜೀವಕ್ಕೇ ಅಪಾಯ.

ನಿಮ್ಮ ಆಂಪ್ ಮತ್ತು ಮೈಕ್‌ಸೆಟ್ ಎರಡೂ ಒಂದೇ ಬೋರ್ಡ್‌ನಿಂದ ಕರೆಂಟ್ ತಗೊಳ್ಳಲಿ. ಮೂರು ಪಿನ್ನಿನ ಪ್ಲಗ್ಗೇ ಇರಲಿ. ಗುಂಯ್ ಸದ್ದು ಬರ್ತದೆ ಅಂತ ಅರ್ಥಿಂಗ್‌ನ ದಪ್ಪ ಪಿನ್ ತೆಗೆಯುವವರು ಇರ್ತಾರೆ, ಹಾಗೆ ಮಾಡೋಕೆ ಖಂಡಿತ ಬಿಡಬೇಡಿ. ಹಾಡೋದಕ್ಕೆ ಮೊದಲು ಎಲೆಕ್ಟ್ರೀಷಿಯನ್‌ನಿಂದ ಮೀಟರ್ ಹಿಡಿದು ತಂತಿಗೂ ಮೈಕಿಗೂ ನಡುವೆ ವೋಲ್ಟೇಜ್ ಇದೆಯಾ ಅಂತ ಅಳೆಸಿ. ಸೊನ್ನೆ ಬಂದ್ರೆ ಮಾತ್ರ ಕೂರೋದು. ಬೋರ್ಡ್‌ಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದ್ರೆ ಇನ್ನೂ ಒಳ್ಳೇದು. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿಸಿ, ಕಾಲ ಕೆಳಗೆ ಒಣ ಮರದ ಮಣೆ ಇಟ್ಕೊಳ್ಳಿ. ಶ್ರಾವಣದ ಹೊತ್ತಿಗೆ ನಾನು ಘಟ್ಟ ಹತ್ತಿ ಬರೋದಿದೆ, ಮೀಟರ್ ನಾನೇ ತರ್ತೇನೆ.

ಡಗ್ಗಾ_ಭಟ್ಟ

ಬನ್ನಿ ಮಾರಾಯ್ರೆ, ಊಟ ನಮ್ಮನೆಯಲ್ಲೇ. ಮೇಡಂ, ಮೊದಲ ಪದ ಯಾವುದು ಅಂತ ತೀರ್ಮಾನ ಆಯ್ತು. ಭೂಪ, ಕೆಹರವಾ. ಶ್ರುತಿ ಬಿಳಿ 5.

ಶಿರಸಿ_ಮಂದ್ರ

ಇ ತಂತಿ, ಮೂರನೇ ಫ್ರೆಟ್. ಐದನೇ ಮಾತ್ರೆ ಖಾಲಿ ಬಿಡ್ತೇನೆ.